ಮೊಳೆಗೆ ತೂಗುಹಾಕಿದ ಬಿಳಿ ರಟ್ಟು

ಆ ದೀಪ ಹಾಗೇ ಉರಿಯಲಿ, ಆರಿಸಬೇಡಿ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು.

ಅವನು ಕ್ಯಾಮರಾ ರಿಪೇರಿ ಮಾಡುವವನು. ಎರಡೂ ಕಣ್ಣು ನೆಟ್ಟಗಿವೆ. ಆದರೆ ದಿನವಿಡೀ ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಾನಲ್ಲ, ಅದಕ್ಕೇ ಮನೆಯವರೆಲ್ಲ ಒಕ್ಕಣ್ಣ ಎಂದು ಕರೆಯುವುದು.

ಅವತ್ತು ಅಂಗಡಿ ಮುಚ್ಚಿ, ಹಳೇ ಬಾವಿಯ ಪಕ್ಕದ ದಾರಿ ಹಿಡಿದು ಮನೆಗೆ ಬರುತ್ತಿದ್ದ. ಕತ್ತಲಾಗಿ ಬಹಳ ಹೊತ್ತಾಗಿತ್ತು. ಕೊರಳಲ್ಲಿ ಸ್ಟುಡಿಯೋ ಯಜಮಾನನ ಕ್ಯಾಮರಾ. ಫೋಟೋ ತುಂಬ ಕಪ್ಪು ಚುಕ್ಕೆ, ಫೋಕಸ್ಸೂ ನಿಲ್ಲುತ್ತಿಲ್ಲ, ಬೆಳಿಗ್ಗೆಯೇ ಮದುವೆ ಕೆಲಸ ಇದೆ ಎಂದು ಕೊಟ್ಟುಹೋಗಿದ್ದ. ಒಕ್ಕಣ್ಣ ನಡೆಯುತ್ತಲೇ ಅದನ್ನು ಬೀದಿದೀಪದ ಕಡೆ ಹಿಡಿದ. ಲೆನ್ಸು ಹಿಂದೆ ಮುಂದೆ ತಡಕಾಡಿತು. ಸ್ರೂಂ... ಸ್ರೂಂ... ಎಲ್ಲೂ ನಿಲ್ಲಲಿಲ್ಲ. ಬಾವಿಕಟ್ಟೆಯ ಕಡೆ ತಿರುಗಿಸಿದ. ಅಲ್ಲಿ ಬರೀ ಕತ್ತಲೆ.

ಸ್ರೂಂ... ಪಿಪ್.

ಫೋಕಸ್ ಸಿಕ್ಕಿತು ಎನ್ನುವ ಸದ್ದು ಅದು. ಕತ್ತಲೆಯಲ್ಲಿ ಅದು ಬರಬಾರದು... ಬರಬೇಕಾದರೆ ಎದುರಿಗೆ ಏನಾದರೂ ಇರಬೇಕು.

ಬೇರೆಯವರಾಗಿದ್ದರೆ ಓಟ ಕಿತ್ತಿರುತ್ತಿದ್ದರು. ಒಕ್ಕಣ್ಣನಿಗೆ ಹೆದರಿಕೆಯೂ ಆಗಲಿಲ್ಲ. ಅವನ ಹೆಂಡತಿ, ನಮ್ಮ ಅತ್ತಿಗೆ, ತೀರಿಕೊಂಡ ಮೇಲೆ ಅವನಿಗೆ ಏನೂ ಆಗುತ್ತಿರಲಿಲ್ಲ. ಒಳಗೆಲ್ಲ ಜೋಮು ಹಿಡಿದ ಕಾಲಿನ ಹಾಗೆ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ದೊಡ್ಡಮ್ಮ ಪರೀಕ್ಷೆಗೆಂದೇ ಒಂದು ದಿನ ಉಪ್ಪಿಲ್ಲದ ಅಡುಗೆ ಬಡಿಸಿದಳು. ಚಕಾರವೆತ್ತದೆ ತಿಂದ. ಆಮೇಲೆ ದಿನಾ ಅವನಿಗೆ ಹಾಗೇ ಬಡಿಸಿ, ಇವತ್ತಾದರೂ ಬೈದಾನೇ ಎಂದು ಕಾಯುತ್ತಿದ್ದಳು.

ಮನೆಗೆ ಬಂದಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಮನೆಯವರು ಮಲಗಿದ್ದರಿಂದ ಪಿಸುದನಿಯಲ್ಲೇ ಹೇಳಿದಳು.

"ಫ್ರೇಮ್ ಹಾಕೋನು ಬಂದಿದ್ದ. ಬೇರೆ ಫೋಟೋ ಇಲ್ವಾ ಅಂದ."

"ಅದಕ್ಕೇನಾಗಿದೆ?"

"ಯಾರದೋ ಮದುವೆ ಗುಂಪಿನ ಫೋಟೋದಿಂದ ಕತ್ತರಿಸಿ ಕೊಟ್ಟಿದ್ದಲ್ವಾ? ದೊಡ್ಡದು ಮಾಡಿದ್ರೆ ಮುಖವೇ ಕಾಣಲ್ವಂತೆ."

"ಇರೋದು ಅದೊಂದೇ ಅಮ್ಮ."

"ಮನೆ ತುಂಬಾ ಕ್ಯಾಮರಾ. ಅವಳದ್ದೊಂದು ಫೋಟೋ ತೆಗೀಲಿಲ್ವಲ್ಲೋ."

ಅವನು ಚಪ್ಪಲಿ ಕಳಚಿದ. "ನಂಗೂ ಮುಖ ಮರೀತಿದೆ ಅಮ್ಮ," ಎಂದ. ಅಂಗಡಿಯ ಬೀಗ ಮರೆತು ಬಂದೆ ಎನ್ನುವ ಧಾಟಿಯಲ್ಲಿ ಹೇಳಿದ. ಅವನಿಗೆ ಉಳಿದಿದ್ದ ಭಯ ಅದೊಂದೇ ಎಂದು ದೊಡ್ಡಮ್ಮನಿಗೆ ಗೊತ್ತಾಯಿತು. ತಟ್ಟೆಗೆ ಬಡಿಸಿ, ಮುಚ್ಚಿಟ್ಟು ಒಳಗೆ ಹೋದಳು.

ಫೋಟೋ ತೆಗೆಯಲೇ ಇಲ್ಲ ಎಂದಲ್ಲ. ಲೆಕ್ಕವಿಲ್ಲದಷ್ಟು ತೆಗೆದಿದ್ದ. ರಿಪೇರಿಯಾದ ಕ್ಯಾಮರಾವನ್ನೆಲ್ಲ ಮನೆಗೆ ತಂದು, ಕೋಣೆಯ ಸುಣ್ಣದ ಗೋಡೆಯ ಮುಂದೆ ಕೊನೆಯ ಪರೀಕ್ಷೆ ಮಾಡುವುದು ಅವನ ಪದ್ಧತಿ. ಬಣ್ಣ ಸರಿ ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ಅಚ್ಚ ಬಿಳಿಯದೇನನ್ನಾದರೂ ಎದುರು ಹಿಡಿಯಬೇಕು. ಅತ್ತಿಗೆ ಒಂದು ಬಿಳಿ ರಟ್ಟು ಹಿಡಿದು ನಿಲ್ಲುತ್ತಿದ್ದರು. ಇವನು "ಇನ್ನೂ ಮೇಲೆ" ಎನ್ನುತ್ತಿದ್ದ. ಅವರು ಎತ್ತುತ್ತಿದ್ದರು. ರಟ್ಟು ಮುಖಕ್ಕೆ ಅಡ್ಡ ಬರುತ್ತಿತ್ತು. ಛಕ್. ನೋಡಿ ಅಳಿಸಿಬಿಡುತ್ತಿದ್ದ. ಮದುವೆಯಾದಾಗಿನಿಂದ ಇದೇ ಕತೆ. ಕೆಲಸ ಮುಗಿದ ಮೇಲೆ ಅತ್ತಿಗೆ ರಟ್ಟನ್ನು ಗೋಡೆಯ ಬಲತುದಿಯ ಮೊಳೆಗೆ ತೂಗುಹಾಕುತ್ತಿದ್ದರು. ಈಗಲೂ ಅದು ಅಲ್ಲೇ ತೂಗುತ್ತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಒಕ್ಕಣ್ಣ ಆ ಕೋಣೆಯಲ್ಲೇ ಕೂತು ಕ್ಯಾಮರಾ ಬಿಚ್ಚಿದ. ಒಳಗಿನ ಸೆನ್ಸರ್ ಮೇಲೆ ಧೂಳು. ರಬ್ಬರ್ ಉಂಡೆ ಒತ್ತಿ ಗಾಳಿ ಊದಿದ. ಫುಸ್... ಫುಸ್... ಲೆನ್ಸಿನ ಬುಡದಲ್ಲಿ ಜಿಡ್ಡು ಕೂತಿತ್ತು, ಒರೆಸಿದ. ಜೋಡಿಸಿ, ಸ್ಟ್ಯಾಂಡಿಗೆ ಏರಿಸಿ, ಗೋಡೆಯ ಫೋಟೋ ತೆಗೆದ. ಛಕ್.

ಚುಕ್ಕೆಗಳು ಹೋಗಿದ್ದವು. ಆದರೆ ಗೋಡೆಯ ನಡುವೆ, ಆಳೆತ್ತರದಲ್ಲಿ, ಬೆಳ್ಳಗೆ ಒಂದು ಮಸುಕು.

ಕಣ್ಣೆತ್ತಿ ಗೋಡೆ ನೋಡಿದ. ಏನೂ ಇಲ್ಲ. ಲೆನ್ಸ್ ಬದಲಿಸಿದ. ಮಸುಕು ಇತ್ತು. ಮೆಮೊರಿ ಕಾರ್ಡ್ ಬದಲಿಸಿದ. ಇತ್ತು. ಟ್ಯೂಬ್‌ಲೈಟ್ ಆರಿಸಿ ಮೇಜಿನ ದೀಪ ಹಾಕಿದ. ಆಗಲೂ ಇತ್ತು. ಇನ್ನು ಒಂದು ಪರೀಕ್ಷೆ ಬಾಕಿ. ಕ್ಯಾಮರಾವನ್ನೇ ತಲೆಕೆಳಗು ಹಿಡಿದು ತೆಗೆಯುವುದು. ದೋಷ ಕ್ಯಾಮರಾದೊಳಗಿದ್ದರೆ ಗೋಡೆಯ ಲೆಕ್ಕದಲ್ಲಿ ಕಲೆ ಮೇಲಿನದು ಕೆಳಗೆ ಬರುತ್ತದೆ. ಬರದಿದ್ದರೆ... ದೋಷ ಹೊರಗಿದೆ.

ತಲೆಕೆಳಗು ಹಿಡಿದ. ಛಕ್.

ಮಸುಕು ಗೋಡೆಯ ಮೇಲೆ ಇದ್ದಲ್ಲೇ ಇತ್ತು.

ಒಕ್ಕಣ್ಣ ಕ್ಯಾಮರಾ ಮತ್ತೆ ಸ್ಟ್ಯಾಂಡಿಗೆ ಏರಿಸಿ, ಅದರ ಹಿಂಬದಿಯ ಪರದೆ ನೋಡುತ್ತ ನಿಂತ. ಪರದೆಯ ಮೇಲೆ ಅದು ಸಣ್ಣಗೆ ಅಲುಗುತ್ತಿತ್ತು, ಕೈ ಸೋತವರು ಹಿಡಿದ ಹಾಗೆ. ಅಂಚು ನೇರ. ನಾಲ್ಕು ಮೂಲೆ. ರಟ್ಟಿನದೇ ಅಳತೆ.

ಅಷ್ಟು ವರ್ಷ "ಇನ್ನೂ ಮೇಲೆ" ಎಂದೇ ಹೇಳಿದ್ದ. ಈಗ ಪಿಸುದನಿಯಲ್ಲಿ ಹೇಳಿದ.

"ಸಾಕು... ಇಳಿಸು."

ಮಸುಕು ಮೆಲ್ಲಗೆ ಕೆಳಗಿಳಿಯಿತು. ಎದೆ... ಸೊಂಟ... ಆಮೇಲೆ ಪರದೆಯಿಂದಲೇ ಇಳಿದುಹೋಯಿತು.

ಸ್ರೂಂ... ಪಿಪ್.

ಎದುರಿಗೆ ಮುಖ ಕಂಡರೆ ಈ ಕ್ಯಾಮರಾಗಳು ಅದರ ಸುತ್ತ ಹಳದಿ ಚೌಕ ಹಾಕುತ್ತವೆ, ನೋಡಿರುತ್ತೀರಿ. ಅಂಥದೊಂದು ಚೌಕ ಬಂತು. ಖಾಲಿ ಗೋಡೆಯ ಮೇಲೆ, ಅತ್ತಿಗೆಯ ಎತ್ತರಕ್ಕೆ ಸರಿಯಾಗಿ. ಒಳಗೆ ಬರೀ ಸುಣ್ಣ. ಆದರೆ ಚೌಕವನ್ನು ನೋಡುತ್ತ ನೋಡುತ್ತ ಅವನಿಗೆ ನೆನಪಾಯಿತು. ಎಡಹುಬ್ಬನ್ನು ಸೀಳಿದ ಸಣ್ಣ ಗಾಯ. ಬೇಗ ಮುಗಿಸಲಿ ಎಂದು ಕಚ್ಚಿ ಹಿಡಿಯುತ್ತಿದ್ದ ಕೆಳತುಟಿ. ಮೂಗಿನ ಮೇಲಿನ ಬೆವರು. ಪೂರ್ತಿ ಮುಖ ನೆನಪಾಯಿತು.

ಗುಂಡಿ ಒತ್ತಿದ. ಛಕ್. ಚೌಕ ಹೋಯಿತು.

ಒಳಗಿನಿಂದ ದೊಡ್ಡಮ್ಮ ಕೇಳಿದಳು, "ಯಾರ ಹತ್ರ ಮಾತಾಡ್ತಿದ್ದೀಯೋ?"

"ಕ್ಯಾಮರಾ ಹತ್ರ."

"ಊಟ ಆರಿಹೋಯ್ತು, ತಿನ್ನು."

ತಟ್ಟೆ ಎಳೆದುಕೊಂಡ. ಒಂದು ತುತ್ತು ಬಾಯಿಗಿಟ್ಟ. ಎರಡನೆಯದು ಕೈಯಲ್ಲೇ ಉಳಿಯಿತು.

"ಅಮ್ಮಾ... ಇದಕ್ಕೆ ಉಪ್ಪೇ ಹಾಕಿಲ್ಲ."

ದೊಡ್ಡಮ್ಮ ಉಪ್ಪು ತಂದಳು. ಡಬ್ಬಿ ಅವನ ಮುಂದಿಟ್ಟು ಅಲ್ಲೇ ಕುಸಿದು ಕೂತು ಅತ್ತಳು. ಈ ಭಾಗವನ್ನು ನನಗೆ ಹೇಳಿದ್ದು ಅವಳೇ.

ಬೆಳಿಗ್ಗೆ ಸ್ಟುಡಿಯೋ ಯಜಮಾನ ಬಂದು, ಏನು ತೊಂದರೆ ಇತ್ತು ಎಂದು ಕೇಳಿದ. "ಧೂಳು," ಎಂದ ಒಕ್ಕಣ್ಣ. ಕಾರ್ಡನ್ನು ಮಾತ್ರ ತಾನೇ ಇಟ್ಟುಕೊಂಡ. ಆ ಕೊನೆಯ ಫೋಟೋ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದ್ದಾನೆ. ನೋಡಿದವರೆಲ್ಲ ತಲೆ ಕೆಟ್ಟಿದೆ ಎನ್ನುತ್ತಾರೆ. ಬರೀ ಗೋಡೆಯ ಫೋಟೋ ಯಾರಾದರೂ ತೂಗುಹಾಕುತ್ತಾರೆಯೇ?

ನಾನೂ ನಕ್ಕೆ. ಆಗ ಒಕ್ಕಣ್ಣ ತನ್ನ ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಬಲತುದಿ ನೋಡು ಎಂದ. ನೋಡಿದೆ. ಇನ್ನು ನೀವು ನಂಬಿ, ಬಿಡಿ. ಸುಳ್ಳು ಹೇಳಿ ನನಗೇನು ಆಗಬೇಕಾಗಿದೆ? ರಟ್ಟು ಆ ರಾತ್ರಿಯೂ ಮೊಳೆಯಲ್ಲೇ ಇತ್ತು, ಯಾರೂ ಮುಟ್ಟಿಲ್ಲ ಎಂದು ದೊಡ್ಡಮ್ಮ ಆಣೆ ಮಾಡುತ್ತಾಳೆ. ಇವತ್ತಿಗೂ ಅಲ್ಲೇ ತೂಗುತ್ತಿದೆ, ಹೋದರೆ ನೋಡಬಹುದು.

ಫೋಟೋದಲ್ಲಿ ಮೊಳೆ ಖಾಲಿ ಇದೆ.