ಗೇಟಿನ ಮೇಲೆ ಕೂತ ಜೇನು

ಬಸ್ಸಿನ ಸರದಿಯಲ್ಲಿ ತನ್ನ ಮುಂದೆ ನಿಂತವರು ಭಾವ, ಭಾಮೈದ ಎಂಬುದು ದರ್ಜಿಗೆ ಮೊದಲ ಮಾತಿಗೇ ತಿಳಿಯಿತು. ಭಾವನ ಕಂಕುಳಲ್ಲಿ ಖಾಲಿ ಜೇನುಪೆಟ್ಟಿಗೆ. ಮೋರೆ ಮಾತ್ರ ಕೆಂಡ.

“ಪೆಟ್ಟಿಗೆ ನಮ್ಮನೇಲಿ ಬಿಟ್ಟು ಹೋಗುವಾಗ ನೀವು ಹೇಳಿದ್ದನ್ನೇ ಮಾಡಿದೀನಿ, ಭಾವ. ಮರಿರಾಣಿಗಳ ಕೋಶ ಕಂಡ್ರೆ ಕಿತ್ತುಹಾಕು, ಇಲ್ದಿದ್ರೆ ಹಳೇ ರಾಣಿ ಅರ್ಧ ಜೇನು ಕರ್ಕೊಂಡು ಹೊರಟುಬಿಡ್ತಾಳೆ ಅಂದಿದ್ರಿ.”

“ಹಳೇ ರಾಣಿ ಒಳಗಿದ್ದಾಳಾ ಅಂತ ಮೊದಲು ನೋಡು ಅಂತಲೂ ಅಂದಿದ್ದೆ!”

“ಅಷ್ಟು ಹುಳದಲ್ಲಿ ಅವಳನ್ನ ಎಲ್ಲಿ ಅಂತ ಹುಡುಕ್ಲಿ?”

“ಅವಳು ಆಗಲೇ ಹೋಗಿದ್ಲು ಕಣೋ! ಉಳಿದವಕ್ಕೆ ಆ ಮರಿಗಳೇ ದಿಕ್ಕು. ಅವನ್ನೂ ಕಿತ್ತುಹಾಕಿದೆ. ಮೊಟ್ಟೆ ಇಡೋರಿಲ್ಲದೆ ಒಂದೊಂದಾಗಿ ಎಲ್ಲಾ ಮುಗಿದ್ವು.”

“ಹೋದವಳು ಎಲ್ಲಿಗೆ ಹೋಗಿರ್ತಾಳೆ?”

“ಒಂದೇ ಸಲ ದೂರ ಹೋಗಲ್ಲ. ಮೊದಲು ಅಲ್ಲೇ ಹತ್ತಿರ ಎಲ್ಲಾದ್ರೂ ಗೊಂಚಲು ಕಟ್ಟಿ ಕೂತ್ಕೊಳ್ತವೆ. ಆಗ ಕೆಳಗೆ ಒಂದು ರಟ್ಟಿನ ಡಬ್ಬ ಹಿಡಿದಿದ್ರೂ ಸಾಕಿತ್ತು, ಸಂಸಾರ ಸಮೇತ ಸಿಗ್ತಿದ್ಲು.”

ಭಾಮೈದ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ.

“ಭಾವ, ಬೈಬಾರ್ದು. ನಮ್ಮ ಗೇಟಿನ ಮೇಲೆ ಒಂದು ಗುಂಪು ಬಂದು ಕೂತಿತ್ತು.”

“ಏನ್ ಮಾಡ್ದೆ?”

“ಯಾವುದೋ ಕಾಡುಜೇನು, ನಿಮ್ಮವಕ್ಕೆ ಕಾಟ ಕೊಟ್ಟೀತು ಅಂತ ಹೊಗೆ ಹಾಕಿ ಓಡಿಸ್ಬಿಟ್ಟೆ.”

ಬಸ್ಸು ಬಂತು. ಭಾವ ಹತ್ತಿದ, ಹಿಂದೆಯೇ ಭಾಮೈದ.

ದರ್ಜಿಯ ಬಸ್ಸು ಅದಲ್ಲ. ಅವನಿಗೆ ಕಿಟಕಿಯಲ್ಲಿ ಕಂಡದ್ದಿಷ್ಟು: ಇಬ್ಬರ ಸೀಟಿನಲ್ಲಿ ಭಾವ ಕೂತ, ಪಕ್ಕದ ಜಾಗದಲ್ಲಿ ಖಾಲಿ ಪೆಟ್ಟಿಗೆಯನ್ನು ಜೋಪಾನವಾಗಿ ಕೂರಿಸಿದ. ಭಾಮೈದ ಕಂಬಿ ಹಿಡಿದು ನಿಂತೇ ಹೋದ.