ಅಳು ಬಾರದ ಮಗಳು

ಸಾವಿರದ ಒಂಬೈನೂರ ನಲವತ್ತೊಂದರ ಮಾಘಮಾಸ. ಗೋವಿನಕೋವಿಯ ಹೊಳೆಯಲ್ಲಿ ಮಿಂದು ಹರಿಗೋಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನನಗೆ ಗುರುತಿಲ್ಲದ ಅಕ್ಕತಂಗಿಯರಿಬ್ಬರು ತವರಿಗೆ ಹೊರಟು ನಿಂತಿದ್ದರು. ತಂಗಿ ಅಕ್ಕನ ಮನೆಗೆ ಬಂದಿದ್ದಾಗಲೇ ಊರಲ್ಲಿ ಅಪ್ಪ ತೀರಿಕೊಂಡಿದ್ದನಂತೆ.

“ಗಿಡ್ಡಮ್ಮ, ಮನೆ ಬಾಗ್ಲಾಗೆ ನನ್ ಕುತ್ಗೆ ತಬ್ಕೊಂಡು ಜೋರಾಗಿ ಅಳ್ಬೇಕು.”

“ಅಳು ಬರ್ತಿಲ್ಲಕ್ಕ.”

“ಸೆರಗು ಮುಚ್ಕೊಂಡು ದನಿನಾದ್ರೂ ತೆಗಿಯೇ, ಕಲ್ಲೆದೆಯೋಳೆ!”

“ಅದು ಸುಳ್ಳಾಗ್ತೈತೆ. ಅಪ್ಪ ನಂಗೆ ಹಂಗೆ ಮಾಡು ಅಂತ ಯಾವತ್ತೂ ಅಂದಿಲ್ಲ.”

“ಅಪ್ಪ ಇರೋತನಕ ನಡೀತು. ಅಳದಿದ್ರೆ ಅತ್ತಿಗೆ ಹುಚ್ಚಿ ಅಂತ ಹೊರಗೆ ಹಾಕ್ತಾಳೆ. ನಮ್ಮತ್ತೆನೂ ಇಟ್ಕೊಳ್ಳಾಕಿಲ್ಲ. ಎಲ್ಲಿಗೆ ಹೋಗ್ತೀಯೆ?”

“ಅಪ್ಪನ ಕಂಬ್ಳಿ ಒಗೀಬ್ಯಾಡ್ರಿ ಅಂತ ಅತ್ತಿಗೆಗೆ ಹೇಳು. ಅಪ್ಪನ ವಾಸ್ನೆ ಹೋಗ್ತೈತೆ.”

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ನೀರನ್ನೇ ನೋಡುತ್ತ ಕೇಳಿದಳು:

“ಅಕ್ಕ, ಈ ಅಳು ಅವ್ರಿಗೆ ತೋರ್ಸಾಕಾ, ನಿಜವಾದ್ದಾ?”

ಹರಿಗೋಲು ಬಂತು. ಅಕ್ಕ ಅವಳ ಕೈ ಹಿಡಿದು ಹತ್ತಿಸಿಕೊಂಡಳು.