ಬೇಳೆಯಲ್ಲಿ ಕಲಸಿದ ಕೆನೆ

“ಹಾಲು ಎಲ್ಲೆರ ಕೂಸಿಗೆ ವಿಷ ಆಗ್ತದೇನು?”

ಮಲ್ಲಟದ ಆದೆಮ್ಮ ರಾಯಚೂರಿನ ಆಸ್ಪತ್ರೆಯ ಗೋಡೆಯನ್ನು ಕೇಳಿದಳು. ಪಕ್ಕದ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತ ಜಪಮಣಿ ಎಣಿಸುತ್ತಿದ್ದ ನೂರ್ ಬೀಯ ಬೆರಳು ನಿಂತಿತು.

ನಾಲ್ಕು ತಿಂಗಳ ಕೂಸನ್ನು ಎದೆಗವಚಿಕೊಂಡು ಕೂತಿದ್ದ ಸೊಸೆ ಹುಲಿಗೆಮ್ಮ ತಲೆಯೆತ್ತಿದಳು.

“ಡಾಕ್ಟ್ರು ಏನಂದಿದ್ರು, ಅತ್ತಿ? ಎಮ್ಮಿ, ಆಕಳ ಹಾಲು ಈ ಕೂಸಿಗೆ ಆಗಿಬರಲ್ಲ. ನಾ ತಿಂದ್ರೂ ನನ್ನ ಎದಿಹಾಲಿನಾಗ ಹೋಗ್ತದ ಅಂದಿಲ್ಲೇನು?”

“ಅಂದಾರವ್ವಾ.”

“ತಿಂಗಳಾತು, ಮಜ್ಜಿಗಿ ಹನಿ ಮುಟ್ಟಿಲ್ಲ. ಮತ್ತ ಯಾಕ ಇವತ್ತೂ ಕೂಸಿನ ಹೇಲಿನಾಗ ರಕ್ತ ಬಿತ್ತು?”

ಆದೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಬ್ಯಾಳ್ಯಾಗ ಕೆನಿ ಕಲಸ್ತಿದ್ದೆ.”

“ಏನಂದಿ?”

“ಒಣಗಿದ ಕಟಗಿ ಆಗಿದ್ದಿಯಲ್ಲ ನೀನು! ನಾಕು ಎಮ್ಮಿ ಇರೋ ಮನ್ಯಾಗ ಬಾಣಂತಿಗೆ ಬರೇ ಬ್ಯಾಳಿ ಹ್ಯಾಂಗ ಬಡಸ್ಲಿ? ವಾಸನಿ ಬರಬಾರ್ದಂತ ಬಳ್ಳೊಳ್ಳಿ ಜಾಸ್ತಿ ಹಾಕ್ತಿದ್ದೆ.”

“ದಿನಾ?”

“ದಿನಾ.”

“ನನ್ನ ಹಾಲಿಗೇ ಕೂಸು ಸಾಯಾಕತ್ತದ ಅಂತ ನಾ ದಿನಾ ಅಳ್ತಿದ್ದೆ. ನೀ ನೋಡ್ತಿದ್ದಿ.”

ನೂರ್ ಬೀ ಕಣ್ಣು ಮುಚ್ಚಿಕೊಂಡಳು.

ನರ್ಸು ಹೆಸರು ಕೂಗಿದಳು. ಹುಲಿಗೆಮ್ಮ ಎದ್ದಳು. ಆದೆಮ್ಮ ಎರಡೂ ಕೈ ಚಾಚಿದಳು.

“ಬಾಗಲತನ ಕೂಸಿನ್ನ ನಾ ಎತ್ಕೊಂತೀನಿ, ಕೊಡವ್ವಾ.”

“ಕೊಡೂದಿಲ್ಲ.”